ಪಕ್ಕಾ ಹಿಡಿದ ಬಣ್ಣ

ಇಳಕಲ್ಲಿನ ಸೀರೆಯನ್ನು ಹೆಗಲ ಮೇಲೆ ಹೊತ್ತು ಮಾರಿದವರು ಸಾವಿರ ಜನ ಇರಬಹುದು. ಗಂಟು ಬಿಚ್ಚದೆ ಬರೀ ಬಾಯಿಂದ ಬಣ್ಣ ಹೇಳಿ ಮಾರಿದವನು ಮಾತ್ರ ನಾನೊಬ್ಬನೇ. ನಾನು ಬಾಗಲಕೋಟೆಯ ಓಣಿಗೆ ಕಾಲಿಟ್ಟೆನೆಂದರೆ ಬಾವಿಗೆ ಬಿಟ್ಟ ಕೊಡ ಬಾವಿಯಲ್ಲೇ ಉಳಿಯುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೇ ಸೀಯುತ್ತಿತ್ತು. ಗುಳೇದಗುಡ್ಡದಲ್ಲಿ ಒಬ್ಬ ಮುದುಕಿ, ಎರಡೂ ಕಣ್ಣು ಕಾಣದವಳು, ನನ್ನ ಮಾತು ಕೇಳಿಯೇ ದಾಳಿಂಬೆ ಕೆಂಪಿನ ಸೆರಗನ್ನು ಆರಿಸಿಕೊಂಡಳು. ನಂಬದವರು ಹೋಗಿ ಕೇಳಬಹುದು. ಮುದುಕಿ ಈಗಿಲ್ಲ, ಸೀರೆ ಇದೆ.

ನಾನು ಯಮನೂರಪ್ಪ. ನಾನು ಮಾರುತ್ತಿದ್ದ ಸೀರೆಗಳ ನೂಲಿಗೆ ಬಣ್ಣ ಹಾಕುತ್ತಿದ್ದವನು ನನ್ನ ಅಕ್ಕ ಬಾಳವ್ವನ ಗಂಡ ಹುಚ್ಚೇಶ. ಸ್ವಭಾವದಲ್ಲಿ ಅವನು ನನಗೆ ಪೂರಾ ಉಲ್ಟಾ. ದಿನಕ್ಕೆ ಹತ್ತು ಮಾತು ಆಡುವವನು. ಅದರಲ್ಲಿ ಎಂಟು ಹರವಿಗೆ, ಒಂದು ಅಕ್ಕನಿಗೆ, ಉಳಿದ ಒಂದು ನನಗೆ, ಅದೂ ಬೈಗುಳ.

ಹರವಿ ಎಂದರೆ ಅವನ ಹಿತ್ತಲಿನಲ್ಲಿ ಮರಳಿನ ಸಿಂಬಿಯ ಮೇಲೆ ಕೂತಿದ್ದ ಸೊಂಟದೆತ್ತರದ ಮಣ್ಣಿನ ಪಾತ್ರೆ, ನೂಲಿಗೆ ನೀಲಿ ಹಾಕುವುದಕ್ಕೆ. ಕೆಂಪಿಗೆ, ಹಸಿರಿಗೆ ಅವನೂ ಎಲ್ಲರಂತೆ ಅಂಗಡಿಯ ಪುಡಿ ತರುತ್ತಿದ್ದ. ನೀಲಿಯನ್ನು ಮಾತ್ರ ಹರವಿಯಲ್ಲೇ ಅದ್ದಬೇಕು. ಅದನ್ನು ಹೂಡಿದವನು ಹುಚ್ಚೇಶನ ಅಜ್ಜ. ಗಿರಾಕಿಗಳಿಗೆ ನಾನು ಹೇಳುತ್ತಿದ್ದುದು ಬೇರೆ: ಬಾದಾಮಿಯ ಗವಿ ಕೊರೆಯುತ್ತಿದ್ದ ಕಲ್ಲುಕುಟಿಗರು ಮಧ್ಯಾಹ್ನ ಊಟಕ್ಕೆ ಬಂದಾಗ ಇದೇ ಹರವಿಯಲ್ಲಿ ಧೋತರ ಅದ್ದಿಕೊಂಡು ಹೋಗುತ್ತಿದ್ದರು ಎಂದು. ಅಷ್ಟು ದೂರ ಊಟಕ್ಕೆ ಯಾಕೆ ಬರುತ್ತಿದ್ದರು ಎಂದು ಯಾರೂ ಕೇಳಿದ್ದಿಲ್ಲ.

ನೀಲಿಯ ಹರವಿ ಜೀವ ಇರುವ ವಸ್ತು. ನೀಲಿಗಿಡದ ಬಣ್ಣಕ್ಕೆ ಸುಣ್ಣ, ಬೆಲ್ಲ, ತಗಚೆ ಬೀಜದ ಗಂಜಿ ಹಾಕಿ, ಹಳೆಯ ನೀರಿನ ಹೆಪ್ಪು ಬಿಟ್ಟು ಹುದುಗಿಸಬೇಕು, ಥೇಟ್ ಮೊಸರಿನ ಹಾಗೆ. ಹುದುಗಿದ ನೀರು ಹಳದಿ ಕಲೆತ ಹಸಿರು. ಅದರಲ್ಲಿ ಅದ್ದಿದ ನೂಲು ಹೊರಗೆ ಬಂದು ಗಾಳಿ ಕುಡಿದ ಮೇಲೆ ನೀಲಿಯಾಗುತ್ತದೆ. ಹೆಪ್ಪು ಸತ್ತರೆ ಹರವಿಯ ನೀರಿಗೂ ಬಚ್ಚಲ ನೀರಿಗೂ ಫರಕಿಲ್ಲ.

ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹರವಿ ನೋಡಿಕೊಂಡವನು ಸಾಯುವ ಮೊದಲು ಅದನ್ನು ಮುಂದಿನವನ ಕೈಗೆ ಒಪ್ಪಿಸಬೇಕು. ಮುಂದಿನವನು ಇಲ್ಲದಿದ್ದರೆ ತನ್ನ ಕೈಯಾರೆ ಮಗುಚಿ ಹೋಗಬೇಕು. ಸತ್ತವನ ಹರವಿಯಲ್ಲಿ ಅದ್ದಿದ ಬಣ್ಣ ನೂಲಿಗೆ ಕೂರುವುದಿಲ್ಲ, ಉಟ್ಟವರ ಮೈಗೆ ಹತ್ತುತ್ತದೆ ಎಂದು ಅವರ ನಂಬಿಕೆ. ಹುಚ್ಚೇಶನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಗುಳೇದಗುಡ್ಡಕ್ಕೆ, ಒಬ್ಬಳನ್ನು ಗುಡೂರಿಗೆ ಕೊಟ್ಟಿದ್ದ. ನನ್ನನ್ನು ಕೇಳಿದರೆ, ನನಗೆ ಹರವಿಯ ವಾಸನೆ ಆಗಿಬರುವುದಿಲ್ಲ. ಬಣ್ಣ ಹೊಗಳುವವನು ಬಣ್ಣದಲ್ಲಿ ಕೈ ಅದ್ದಬಾರದು.

ಎಂಬತ್ತೆರಡನೆಯ ಇಸವಿಯ ಚಳಿಗಾಲದಲ್ಲಿ ಒಂದು ದಿನ ಬಾಳವ್ವ ಬಚ್ಚಲಿಗೆ ಹೋದಳು, ಬಚ್ಚಲ ಕಲ್ಲು ಕೆಂಪಾಗಿತ್ತು. ಯಾವ ನೂಲಿನ ಲಡಿಯನ್ನು ಇಲ್ಲಿ ತೊಳೆದಿರಿ ಎಂದು ಗಂಡನನ್ನು ಕೇಳಿದಳು. ಲಡಿ ಅಲ್ಲ, ಮೂತ್ರ ಎಂದು ಅವನು ಹೇಳಿದ. ಎರಡು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಹೀಗೆ ಬರುತ್ತಿತ್ತಂತೆ. ನೋವಿಲ್ಲ, ಉರಿಯಿಲ್ಲ. ಅದಕ್ಕೆ ಅವನೇ ಒಂದು ಕಾರಣ ಹುಡುಕಿಟ್ಟುಕೊಂಡಿದ್ದ.

“ಸಣ್ಣಾಂವ ಇದ್ದಾಗಿಂದ ಬಣ್ಣದಾಗ ಕೈ ಅದ್ದೇನಿ. ಸ್ವಲ್ಪ ಒಳಗ ಇಳದಿರಬೇಕು. ಈಗ ಹೊರಗ ಬರಾಕತ್ತದ, ಚೊಲೋನ ಆತು.”

ಬಾಳವ್ವ ಸೆರಗು ಸಿಕ್ಕಿಸಿಕೊಂಡು ಅವನ ಮುಂದೆ ನಿಂತಳು. “ಹಂಗಾರ ನೀಲಿ ಯಾಕ ಬರವಲ್ದು? ನೀವು ಹೆಚ್ಚ ಅದ್ದಿದ್ದು ನೀಲ್ಯಾಗಲ್ರಿ.”

ಅವತ್ತೇ ಬಾಜೂ ಮನೆಯ ಸುಭಾನಸಾಬ ಟಾಂಗಾ ಕಟ್ಟಿದ. ನಾನು ಸೀರೆಯ ಗಂಟು ಹೊತ್ತು ಜೊತೆಗೆ ಹೊರಟೆ, ದವಾಖಾನೆಯಲ್ಲಿಯೂ ಹೆಂಗಸರು ಇರುತ್ತಾರಲ್ಲ ಎಂದು. ಮೊದಲು ಬಾಗಲಕೋಟೆ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ದವಾಖಾನೆ.

ಹೊಟ್ಟೆಯ ಫೋಟೋ ತೆಗೆದರು. ಎಡಗಡೆಯ ಮೂತ್ರಪಿಂಡದಲ್ಲಿ ಗಡ್ಡೆ, ಕ್ಯಾನ್ಸರಿನದು. ಮೂತ್ರಪಿಂಡ ಸಮೇತ ತೆಗೆಯಬೇಕು, ಇನ್ನೊಂದು ಇರುವುದರಿಂದ ಬದುಕಿಗೆ ಅಡ್ಡಿಯಿಲ್ಲ ಎಂದರು. ತೆಗೆದರು. ಸರ್ಜನ್ನರು ತಟ್ಟೆಯಲ್ಲಿಟ್ಟು ತೋರಿಸಿದಾಗ ಗಡ್ಡೆ ಕಲಾದಗಿಯ ಒಂದು ಮಧ್ಯಮ ದಾಳಿಂಬೆಯಷ್ಟಿತ್ತು. ಊರಿಗೆ ಸುದ್ದಿ ಮುಟ್ಟಿಸಲು ನಡುವೆ ಒಮ್ಮೆ ಬಂದೆನಲ್ಲ, ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಅದು ತೆಂಗಿನಕಾಯಿಯಾಯಿತು. ಹುನಗುಂದದಲ್ಲಿ ಕುಂಬಳಕಾಯಿಯಾಯಿತು. ಇಳಕಲ್ಲಿಗೆ ಬರುವಷ್ಟರಲ್ಲಿ, ಅಷ್ಟು ದೊಡ್ಡದು ಇರಬೇಕಾದರೆ ಹುಚ್ಚೇಶ ಊಟವನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದ ಎಂದು ಜನ ನನ್ನನ್ನೇ ಕೇಳಿದರು. ನಾನು ಬೆಳೆಸಿದ್ದು ಸ್ವಲ್ಪವೇ. ಉಳಿದದ್ದನ್ನು ರಸ್ತೆ ಬೆಳೆಸಿತು.

ಸರ್ಜನ್ನರು ಹೇಳಿದ್ದು ಇಷ್ಟು: ಗಡ್ಡೆ ಚೊಕ್ಕ ಬಂದಿದೆ. ಆದರೆ ಈ ರೋಗ ಮಳ್ಳ. ಕೆಲವರಿಗೆ ಇಲ್ಲಿಗೆ ಮುಗಿಯುತ್ತದೆ. ಕೆಲವರಿಗೆ ವರ್ಷ ಬಿಟ್ಟು ಪುಪ್ಪುಸದಲ್ಲೋ ಎಲುಬಿನಲ್ಲೋ ಏಳುತ್ತದೆ. ಮೂರು ತಿಂಗಳಿಗೊಮ್ಮೆ ಬಂದು ಎದೆಯ ಫೋಟೋ ತೆಗೆಸಬೇಕು. ಎದ್ದದ್ದು ಬೇಗ ಕಂಡರೆ ಏನಾದರೂ ಮಾಡಬಹುದು. ಇವನ ಗಡ್ಡೆ ಯಾವ ಜಾತಿಯದು ಎಂದು ಈಗಲೇ ತಿಳಿಯುವುದಿಲ್ಲವೇ ಎಂದು ಕೇಳಿದೆ. ಅದರ ಮೇಲೆಯೇ ಒಬ್ಬರು ಕೆಲಸ ಮಾಡುತ್ತಿದ್ದಾರೆ, ಹೋಗಿ ಕೇಳು ಎಂದು ಹಿಂದಿನ ಕೋಣೆಯ ಕಡೆಗೆ ಬೆರಳು ತೋರಿಸಿದರು.

ಆ ಕೋಣೆಯಲ್ಲಿ ಡಾಕ್ಟರ್ ಇಂದ್ರಾಬಾಯಿ ಇದ್ದರು. ಬಾದಾಮಿಯ ಮಗಳು. ಮೈಸೂರು ಸೀಮೆಯಲ್ಲಿ ಓದಿ, ನಾಲಿಗೆಗೆ ಇಸ್ತ್ರಿ ಹೊಡೆಸಿಕೊಂಡು ಬಂದವರು. “ಬನ್ನಿ, ಕುಳಿತುಕೊಳ್ಳಿ” ಎಂದು ಅವರು ಅಂದಾಗ ನಾನು ಹಿಂದೆ ತಿರುಗಿ, ಇನ್ಯಾರೋ ಬಂದಿದ್ದಾರೆಂದು ನೋಡಿದೆ. ಕತ್ತರಿಸಿ ತೆಗೆದ ಗಡ್ಡೆಯ ಒಂದು ಚೂರನ್ನು ಅವರು ಬರ್ಫದಂತೆ ಹೆಪ್ಪುಗಟ್ಟಿಸುತ್ತಿದ್ದರು. ಅದನ್ನು ನೊಣದ ರೆಕ್ಕೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಕೂರಿಸಿ, ಒಂದೆರಡು ಹನಿ ಔಷಧ ಬಿಡುತ್ತಿದ್ದರು. ಮೂತ್ರಪಿಂಡದಲ್ಲಿ ಒಂದು ಕಿಣ್ವ ಇರುತ್ತದಂತೆ. ಅದು ಎಲ್ಲಿ ಜೀವಂತ ಇದೆಯೋ ಅಲ್ಲಿ ಮಾತ್ರ ಕೆಂಪು ಮೂಡುತ್ತದಂತೆ. ಯಾರ ಗಡ್ಡೆಯಲ್ಲಿ ಎಷ್ಟು ಕೆಂಪು ಬಂತು, ಆ ಮನುಷ್ಯ ಮುಂದೆ ಹೇಗಿದ್ದಾನೆ, ಎರಡನ್ನೂ ಕೂಡಿಸಿ ನೋಡುವುದೇ ಅವರ ಕೆಲಸ. ಕೆಂಪು ಬಂದರೆ ಏನರ್ಥ ಎಂದು ನಾನು ಕೇಳಿದೆ. ಬಣ್ಣ ಬರಲಿ, ಆಮೇಲೆ ರೋಗಿಗೇ ಹೇಳುತ್ತೇನೆ ಎಂದರು.

ನನ್ನ ಕಣ್ಣಿನ ಖ್ಯಾತಿ ಅವರಿಗೂ ತಿಳಿಯಲಿ ಎಂದು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡುತ್ತೇನೆ ಅಂದೆ. ನೋಡಿದೆ. ಕರಿ ಜೊಂಡು ಬೆಳೆದ ಕೆರೆಯಂತೆ ಏನೋ ಕಂಡಿತು, ರೋಗ ಭಾಳ ಬೆಳೆದದ ಅಂದೆ. ಅದು ನಿಮ್ಮ ಕಣ್ಣಿನ ರೆಪ್ಪೆ ಎಂದರು. ಇರಬಹುದು. ನನ್ನ ರೆಪ್ಪೆ ಅಷ್ಟು ದಟ್ಟ ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ದವಾಖಾನೆಯಿಂದ ಬಿಡುವ ದಿನ ಡಾಕ್ಟರ್ ಬಾಯಾರು ಹುಚ್ಚೇಶನನ್ನು ಕೋಣೆಗೆ ಕರೆದರು. ನಾನು ಆಗ ನರ್ಸುಗಳ ಮನೆಗಳ ಕಡೆ ಗಂಟು ಬಿಚ್ಚಿ ಕೂತಿದ್ದೆ. ಅಲ್ಲಿ ನಡೆದ ವ್ಯಾಪಾರದ ಕತೆಯೇ ಒಂದು ಪುರಾಣ, ಈಗ ಬೇಡ. ಇಂದ್ರಾಬಾಯಿಯವರೂ ಹಿಂದಿನ ದಿನ ಬಂದು, ಅಮಾವಾಸ್ಯೆಯ ದಿನ ನಾನು ರಜೆಯ ಮೇಲೆ ಬಾದಾಮಿಯಲ್ಲಿರುತ್ತೇನೆ, ನಮ್ಮವ್ವನಿಗೆ ಒಂದು ಸೀರೆ ಅಲ್ಲಿಗೇ ತಂದು ತೋರಿಸು ಎಂದು ಹೇಳಿದ್ದರು. ಹೀಗಾಗಿ ಹುಚ್ಚೇಶ ಕೋಣೆಗೆ ಒಬ್ಬನೇ ಹೋದ, ಒಬ್ಬನೇ ಬಂದ. ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಅವನು ಯಾವತ್ತೂ ಬಿಚ್ಚುವವನಲ್ಲ, ಆದ್ದರಿಂದ ನನಗೆ ಅದರಲ್ಲಿ ಏನೂ ಕಾಣಲಿಲ್ಲ.

ಮನೆಗೆ ಬಂದು, ಉಂಡು, ಬಾಯಿ ಮುಕ್ಕಳಿಸಿ ಬಂದು ಕೂತ ಮೇಲೆ ಹೇಳಿದ.

“ಬಾಯಾರ ಮೇಜಿನ ಮ್ಯಾಲ ಒಂದು ಬಾಟ್ಲಿ ಇತ್ತು. ಇಂಗ್ಲಿಷ್ ಓದಾಕ ನನಗ ಬರಂಗಿಲ್ಲ. ಆದ್ರ ಆ ಎರಡು ಶಬ್ದದ ಮಾರಿ ನನಗ ಗೊತ್ತು. ಫಾಸ್ಟ್ ರೆಡ್. ನಮ್ಮ ಸೆರಗಿಗೆ ಹಾಕ್ತೇವಲ್ಲ, ಅದ. ಅದನ್ನ ಗಡ್ಡಿಗೆ ಹಾಕ್ಯಾರ. ಬಣ್ಣ ಚೆನ್ನಾಗಿ ಹಿಡಿದಿದೆ ಅಂದ್ರು. ಪಕ್ಕಾ ಹಿಡದದೇನ್ರಿ ಅಂತ ಕೇಳಿದೆ. ಪಕ್ಕಾ ಅಂದ್ರು.”

ಇಳಕಲ್ಲಿನಲ್ಲಿ ಇದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ನಮ್ಮಲ್ಲಿ ಬಣ್ಣ ಎರಡೇ: ಕಚ್ಚಾ, ಪಕ್ಕಾ. ಕಚ್ಚಾ ಬಣ್ಣ ಮೊದಲ ತೊಳೆತಕ್ಕೇ ನೀರಿನ ಜೊತೆ ಹೋಗುತ್ತದೆ. ಪಕ್ಕಾ ಬಣ್ಣ ಹಿಡಿಯಿತೆಂದರೆ ಅರಿವೆ ಹರಿದು ಚಿಂದಿಯಾಗುವವರೆಗೆ ಬಿಡುವುದಿಲ್ಲ. ರೋಗಕ್ಕೆ ಕಚ್ಚಾ ಬಣ್ಣ ಬಂದಿದ್ದರೆ ತೊಳೆದು ಹೋಗುತ್ತಿತ್ತು. ಪಕ್ಕಾ ಹಿಡಿದಿದೆ ಎಂದರೆ ಮೈ ಜೊತೆಯೇ ಹೋಗುತ್ತದೆ. ಹುಚ್ಚೇಶ ಹೀಗೆ ತಿಳಿದ. ನಾನೂ ಹೀಗೆ ತಿಳಿದೆ. ನನ್ನಂಥವನಿಗೇ ಹಾಗೆ ತಿಳಿಯಿತು ಎಂದರೆ ಇನ್ನು ಬೇರೆಯವರ ಪಾಡೇನು.

ಅವನು ಅತ್ತಿಲ್ಲ, ಕರೆದಿಲ್ಲ. ಕೆಲಸವನ್ನು ಹಂಚಿಟ್ಟುಕೊಂಡ. ಕೆಳಗಿನ ಓಣಿಯ ಕಾಳವ್ವ ಮಗ್ಗಕ್ಕೆ ನೀಲಿ ಲಡಿ ಕೇಳಿದ್ದಳು. ಅದನ್ನು ಅದ್ದಿ ಕೊಡುವುದು, ಬರುವ ಅಮಾವಾಸ್ಯೆಗೆ ಹರವಿ ಮಗುಚುವುದು. ಎದೆಯ ಫೋಟೋಕ್ಕೆ ಹೋಗುವ ಮಾತು ತೆಗೆದರೆ, ಹರಿಯುವ ಅರಿವೆಗೆ ತೇಪೆ ಯಾಕೆ ಎಂದ. ಹೊಟ್ಟೆಯ ಹೊಲಿಗೆ ಮಾಗುತ್ತಾ ಬಂತು, ಮುಖದಲ್ಲಿ ರಕ್ತ ಬಂತು, ಹಸಿವೂ ಬಂತು. ಅವನು ಮಾತ್ರ ಆರಿದ ಒಲೆಯ ಮುಂದೆ ಕೂತವನಂತೆ ಕೂತುಬಿಟ್ಟ. ಬಾಳವ್ವ ಹೋಳಿಗೆ ಮಾಡಿದರೆ ಹೋಳಿಗೆ ಯಾಕೆ ಅನ್ನುತ್ತಿದ್ದ, ಮಾಡದಿದ್ದರೆ ಇನ್ನು ಯಾವಾಗ ಮಾಡುತ್ತಿ ಅನ್ನುತ್ತಿದ್ದ.

ಅಮಾವಾಸ್ಯೆಯ ಹಿಂದಿನ ದಿನ ಬಾಳವ್ವ ರೊಟ್ಟಿ ಬಡಿಯುತ್ತಾ ಒಂದು ಪ್ರಶ್ನೆ ಕೇಳಿದಳು. ಅದು ನನಗೂ ಹೊಳೆದಿರಲಿಲ್ಲ, ಹೊಳೆಯಬೇಕಾಗಿತ್ತು. ಪಕ್ಕಾ ಅನ್ನುವಾಗ ಆ ಡಾಕ್ಟರ್ ಬಾಯಿಯ ಮುಖ ಹೇಗಿತ್ತು?

ಹುಚ್ಚೇಶ ನೆನಪು ಮಾಡಿಕೊಂಡು ಹೇಳಿದ. “ನಗತಿದ್ರು.”

ಬಾಳವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಕೈ ಒರೆಸಿಕೊಂಡಳು. “ಸಾಯ್ತಿ ಅಂತ ಹೇಳೋ ಹೆಣಮಗಳು ನಗತಾಳೇನ್ರಿ? ಯಮನೂರಾ, ನಾಳೆ ಬಾದಾಮಿಗೆ ಹೋಗಿ ಕೇಳ್ಕೊಂಡ ಬಾ.”

ಕಲಿತವರು ಎಲ್ಲದಕ್ಕೂ ನಗುತ್ತಾರೆ ಎಂದು ಹುಚ್ಚೇಶ ಗೊಣಗಿದ. ತಮ್ಮ ಬರುವವರೆಗೆ ಹರವಿ ಮುಟ್ಟಬೇಡಿ ಎಂದು ಬಾಳವ್ವ ಅವನಿಗೆ ಹೇಳಿದಳು. ಅವನು ಎದ್ದು ಹಿತ್ತಲಿಗೆ ಹೋದ.

ಮರುದಿನ ಮೊದಲ ಬಸ್ಸಿಗೆ ಹೋದೆ. ಇಂದ್ರಾಬಾಯಿಯವರ ಮನೆ ಹೊಂಡದ ದಂಡೆಯ ಓಣಿಯಲ್ಲಿ. ಅವರ ತಾಯಿ ಗುರುಲಿಂಗವ್ವ ಪಡಸಾಲೆಯಲ್ಲಿ ಮೊಸರು ಕಡೆಯುತ್ತಿದ್ದರು. ನಾನು ಗಂಟು ಇಳಿಸಿದೆ. ಬಿಚ್ಚಲಿಲ್ಲ, ಬಣ್ಣವನ್ನೂ ಹೇಳಲಿಲ್ಲ. ನಲವತ್ತು ವರ್ಷದ ವ್ಯಾಪಾರದಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ. ಆಗ ನನಗೆ ವಯಸ್ಸೇ ಮೂವತ್ತೆಂಟು, ಅದು ಬೇರೆ ಮಾತು.

ಬಾಯಾರು ಒಳಗಿನಿಂದ ಬಂದರು. ಕೇಳಿಯೇಬಿಟ್ಟೆ. “ಬಾಯಾರ, ನಮ್ಮ ಮಾವಗ ಇನ್ನ ಎಷ್ಟ ದಿನ ಅದಾವ್ರಿ?”

ಅವರಿಗೆ ಅರ್ಥವಾಗಲಿಲ್ಲ. ತಾನು ಒಳ್ಳೆಯ ಸುದ್ದಿಯನ್ನೇ ಹೇಳಿ ಕಳಿಸಿದ್ದೆನಲ್ಲ, ಬಣ್ಣ ಚೆನ್ನಾಗಿ ಹಿಡಿದಿದೆ ಎಂದಿದ್ದೆನಲ್ಲ ಎಂದರು. ಅದೇ ಕಾರಣಕ್ಕೆ ಕೇಳುತ್ತಿದ್ದೇನೆ ಎಂದೆ. ಪಕ್ಕಾ ಬಣ್ಣ ಹಿಡಿದರೆ ಬಿಡುವುದಿಲ್ಲ, ಅದಕ್ಕೆ ಅವನು ಹರವಿ ಮಗುಚಲು ಕೂತಿದ್ದಾನೆ, ಫೋಟೋಕ್ಕೂ ಬರುವುದಿಲ್ಲ ಅನ್ನುತ್ತಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾಯಾರು ಕಂಬಕ್ಕೆ ಒರಗಿದರು. ನಾಲಿಗೆಯ ಇಸ್ತ್ರಿ ಅಲ್ಲಿಯೇ ಮುದುಡಿ ಬಿತ್ತು.

“ಅಯ್ಯ ಶಿವನ. ಹಂಗಲ್ಲೋ ಯಪ್ಪಾ. ಹಂಗಲ್ಲ ಅದು.”

ಗುರುಲಿಂಗವ್ವ ಕಡೆಯುವುದನ್ನು ನಿಲ್ಲಿಸಿ, ಏನು ಹೇಳಿ ಕಳಿಸಿದಿಯೇ ಬಡವರಿಗೆ ಎಂದು ಮಗಳನ್ನು ಗದರಿದರು. ಬಾಯಾರು ತಾಯಿಯ ಮುಂದಿದ್ದ ಮೊಸರಿನ ಗಡಿಗೆಯನ್ನು ತೋರಿಸಿ ನನಗೆ ತಿಳಿಸಿ ಹೇಳಿದರು.

“ಕಿಣ್ವ ಅಂದ್ರ ಹೆಪ್ಪು ಇದ್ದಂಗ ಅನಕೋರಿ. ಚೊಲೋ ಮೂತ್ರಪಿಂಡದಾಗ ಆ ಹೆಪ್ಪು ಇರ್ತದ. ಗಡ್ಡಿ ಹುಟ್ಟೋದೂ ಅದರಾಗ, ಅದ ಅದರ ತವರುಮನಿ. ಕೆಲವು ಗಡ್ಡಿ ತವರು ಮರತುಬಿಡತಾವ, ಹೆಪ್ಪು ಕಳಕೋತಾವ. ಅಂಥಾವು ಒಂದ ಕಡೆ ನಿಂದರಂಗಿಲ್ಲ. ಪುಪ್ಪುಸಕ್ಕ ಹೋಗ್ತಾವ, ಎಲಬಿಗೆ ಹೋಗ್ತಾವ. ನಿಮ್ಮ ಮಾವನ ಗಡ್ಡಿ ತವರು ಮರತಿದ್ದಿಲ್ಲ. ಹೆಪ್ಪು ಇತ್ತು. ಅದಕ್ಕ ಕೆಂಪು ಹಿಡೀತು. ಪಕ್ಕಾ ಹಿಡದದ್ದು ರೋಗ ಅಲ್ರಿ, ಹೆಪ್ಪಿನ ಗುರುತು.”

ಬಾಟಲಿಯ ಮಾತನ್ನೂ ಕೇಳಿದೆ. ಅದು ನಿಮ್ಮ ಸೆರಗಿನ ಬಣ್ಣದ ಜಾತಿಯದೇ ಎಂದು ಒಪ್ಪಿಕೊಂಡರು. ಹುಚ್ಚೇಶನ ಕಣ್ಣು ಅಲ್ಲಿಯವರೆಗೆ ತಪ್ಪಿರಲಿಲ್ಲ.

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಗಾದರೆ ನೂರು ವರ್ಷ ಅನ್ನಿ ಎಂದೆ. ಬಾಯಾರು ಕೈ ಅಡ್ಡ ಮಾಡಿದರು.

“ಹಂಗ ಅನಬ್ಯಾಡ್ರಿ. ನಾ ನೋಡಿದ ಮಂದೀನ ಸ್ವಲ್ಪ. ಬಣ್ಣ ಹಿಡದವರೊಳಗ ಭಾಳ ಮಂದಿ ಆರಾಮ ಅದಾರ, ಎಲ್ಲಾರೂ ಅಲ್ಲ. ಒಬ್ಬಾಕಿಗೆ ಇದಕ್ಕಿಂತಾ ಕಡು ಕೆಂಪು ಬಂದಿತ್ತು, ವರ್ಷ ತುಂಬೂದ್ರಾಗ ಹ್ವಾದಳು. ಯಾಕ ಅಂತ ನನಗ ಗೊತ್ತಿಲ್ಲ. ಫೋಟೋಕ್ಕ ಅವರು ಬರಾಕಬೇಕು.”

ಬೇಕಾದರೆ ಒಂದು ಚೀಟಿ ಬರೆದು ಕೊಡುತ್ತೇನೆ, ಅವರಿಗೆ ಓದಿ ಹೇಳಿ ಎಂದರು. ನನ್ನ ಬಾಯಿ ಇರುವಾಗ ಚೀಟಿ ಯಾಕ್ರಿ ಎಂದೆ. ಗುರುಲಿಂಗವ್ವನವರು ಸೀರೆ ಆರಿಸಿದರು, ನಾನು ಬಸ್ ಹಿಡಿದೆ.

ಬಸ್ಸು ಗುಡೂರಿನಲ್ಲಿ ಟೈರು ಪಂಕ್ಚರಾಗಿ ಕೂತಿತು. ಚಹದ ಅಂಗಡಿಯ ಮುಂದೆ ಹುಲ್ಲಪ್ಪ ಸಿಕ್ಕ. ಅಕ್ಕನ ಮಗಳನ್ನು ಕೊಟ್ಟ ಮನೆಯ ಹಿರಿಯ, ನನ್ನನ್ನು ಚೆನ್ನಾಗಿ ಬಲ್ಲವನು. ತಡೆಯಲಾಗದೆ ಹೇಳಿದೆ: ಹುಚ್ಚೇಶನಿಗೆ ನೂರು ವರ್ಷ, ಡಾಕ್ಟರು ಗಾಜಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಹುಲ್ಲಪ್ಪ ಚಹ ಊದಿ ಕುಡಿದ.

“ಹೋದ ವರ್ಷ ನಿನ್ನ ಎಮ್ಮಿ ಕೊಡಪಾನ ತುಂಬ ಹಾಲು ಕೊಡತದ ಅಂದಿದ್ದಿಲ್ಲೋ?”

ಹೌದು ಎಂದೆ.

“ನಿನ್ನ ಮನ್ಯಾಗ ಎಮ್ಮೀನ ಇದ್ದಿಲ್ಲಲೇ.”

ಅದು ಈ ಮಾತಿಗೆ ಸಂಬಂಧವಿಲ್ಲದ ವಿಷಯ. ಆದರೂ ಟೈರು ಕೂರಿಸುವವರೆಗೆ ನನಗೆ ಸಮಾಧಾನ ಇರಲಿಲ್ಲ. ಚೀಟಿ ತರಬೇಕಾಗಿತ್ತೇನೋ ಅನ್ನಿಸಿತು. ಮತ್ತೆ, ಊರಿನ ಎಲ್ಲಾ ಹೆಂಗಸರ ಸೆರಗು ನನ್ನ ಬಾಯಿಂದಲೇ ಇಳಿದದ್ದು, ಒಂದು ಒಳ್ಳೆಯ ಸುದ್ದಿ ಇಳಿಯುವುದಿಲ್ಲವೇ ಎಂದು ಧೈರ್ಯ ತಂದುಕೊಂಡೆ.

ಇಳಕಲ್ಲಿಗೆ ಬರುವಾಗ ಹೊತ್ತು ಇಳಿದಿತ್ತು. ಓಣಿಯ ಬಾಯಿಗೆ ಕಾಲಿಟ್ಟೆ, ಮೊದಲು ಕಂಡದ್ದು ಗಟಾರ. ನಾನು ನಿಂತ ಕಡೆ ಅದು ನೀಲಿ. ಸ್ವಲ್ಪ ಮೇಲಕ್ಕೆ ನೋಡಿದರೆ ಹಸಿರು ನೀಲಿ. ಹುಚ್ಚೇಶನ ಮನೆಯ ಹಿತ್ತಲಿನಿಂದ ಹೊರಬೀಳುವ ಕಡೆ ಇನ್ನೂ ಹಳದಿ ಹಸಿರು. ಗಾಳಿ ಕುಡಿಯುತ್ತಾ ನನ್ನ ಕಡೆಗೆ ಬರುತ್ತಿತ್ತು. ಎರಡು ಕೋಳಿಗಳ ಕಾಲು ನೀಲಿಯಾಗಿದ್ದವು. ಇದನ್ನು ನಾನು ಬೆಳೆಸಿ ಹೇಳುತ್ತಿಲ್ಲ.

ಹಿತ್ತಲಿನಲ್ಲಿ ಹರವಿ ಮಗ್ಗುಲಾಗಿ ಬಿದ್ದಿತ್ತು. ಸಂದಿಗೆ ಕೊಟ್ಟು ಮೀಟಿದ ಕಟ್ಟಿಗೆ ಪಕ್ಕದಲ್ಲಿ. ಹುಚ್ಚೇಶ ಕಲ್ಲಿನ ಮೇಲೆ ಕೂತಿದ್ದ, ಮೊಣಕೈಯವರೆಗೆ ನೀಲಿ, ಒಂದು ಕೈ ಹೊಟ್ಟೆಯ ಹೊಲಿಗೆಯ ಮೇಲೆ. ಬಾಳವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಅದನ್ನು ಆಗ ನಾನು ಗಮನಿಸಲಿಲ್ಲ.

ನಾನು ಗಂಟನ್ನು ಅಲ್ಲೇ ಒಗೆದು ಶುರು ಮಾಡಿದೆ. ಏನು ಹೇಳಿದೆ, ಹೇಗೆ ಹೇಳಿದೆ ಎಂದು ಈಗ ಪೂರಾ ನೆನಪಿಲ್ಲ. ನೂರು ವರ್ಷ ಇತ್ತು, ದವಾಖಾನೆಯ ಡಾಕ್ಟರುಗಳೆಲ್ಲ ಅವನ ಗಡ್ಡೆಯ ಬಣ್ಣಕ್ಕೆ ಕೈ ಮುಗಿದದ್ದೂ ಇತ್ತು. ಹುಚ್ಚೇಶ ಜೋಳದ ಧಾರಣೆ ಕೇಳುವವನಂತೆ ಕೇಳಿದ. ಕೊನೆಗೆ ಅವನ ಆ ಒಂದು ಮಾತು ಬಂತು.

“ಲೇ ಯಮನೂರ, ನನ್ನ ಗಡ್ಡೀನ ಹುನಗುಂದದಾಗ ಕುಂಬಳಕಾಯಿ ಮಾಡಿದಾಂವ ನೀ. ನಿನ್ನ ನೂರು ವರ್ಷ ಮನಿ ಮುಟ್ಟೂದ್ರಾಗ ಎಷ್ಟ ಉಳದಾವು?”

ನನಗೆ ಸಿಟ್ಟು ಬಂತು. ಖರೆ ಹೇಳಲು ಬಂದವನಿಗೆ ಹೀಗೆ ಅನ್ನುವುದೇ? ಆಣೆ ಮಾಡಲು ಬಾಯಿ ತೆರೆದೆ. ಬಾಳವ್ವ ಬಾಗಿಲಿಂದ ಇಳಿದು ಬಂದು ನನ್ನ ರಟ್ಟೆ ಹಿಡಿದಳು.

“ತಮ್ಮಾ, ಆಕಿ ಏನ ಅಂದಳೋ ಅಷ್ಟ ಅನ್ನು. ನಿನ್ನದು ಒಂದಕ್ಷರ ಕೂಡಸಬ್ಯಾಡ.”

ಇದು ಹೇಳಿದಷ್ಟು ಸುಲಭವಲ್ಲ. ತುಂಬಿದ ಕೊಡ ಹೊತ್ತು ಓಡಬಹುದು. ನನ್ನ ಬಾಯಿಂದ ಬೇರೆಯವರ ಮಾತನ್ನು ತುಳುಕದ ಹಾಗೆ ಹೊರಗೆ ತರುವುದು ಕಷ್ಟ. ನೆಲ ನೋಡಿಕೊಂಡು ಹೇಳಿದೆ. ಮೂತ್ರಪಿಂಡದ ಹೆಪ್ಪು, ತವರು ಮರೆಯುವ ಗಡ್ಡೆ, ಮರೆಯದ ಗಡ್ಡೆ. ಕೆಂಪು ಹಿಡಿದದ್ದು ಹೆಪ್ಪಿಗೆ, ರೋಗಕ್ಕಲ್ಲ. ಬಾಟಲಿ ನಮ್ಮ ಸೆರಗಿನ ಜಾತಿಯದೇ. ನೋಡಿದ ಮಂದಿ ಸ್ವಲ್ಪ. ಬಣ್ಣ ಹಿಡಿದವರಲ್ಲಿ ಭಾಳ ಮಂದಿ ಆರಾಮ ಇದ್ದಾರೆ, ಎಲ್ಲರೂ ಅಲ್ಲ. ಇದಕ್ಕಿಂತ ಕಡು ಕೆಂಪು ಬಂದ ಒಬ್ಬಾಕೆ ವರ್ಷದೊಳಗೆ ಹೋದಳು. ಫೋಟೋಕ್ಕೆ ಹೋಗಬೇಕು. ಮುಗಿಯಿತು. ಇಷ್ಟು ಸಪ್ಪೆ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಹುಚ್ಚೇಶ ಹೊಟ್ಟೆಯ ಮೇಲಿನ ಕೈ ತೆಗೆದ. “ಆಕಿ ಯಾಕ ಹ್ವಾದಳು?”

ನಾಲಿಗೆಯ ತುದಿಗೆ ಕಾರಣಗಳು ಸಾಲುಗಟ್ಟಿ ಬಂದವು. ಆಕೆ ಪಥ್ಯ ಮಾಡಲಿಲ್ಲ, ಆಕೆಯ ಗಂಡ ಕುಡುಕ, ಆಕೆ ಉಡುತ್ತಿದ್ದದ್ದು ಬೇರೆ ಊರಿನ ಸೀರೆ. ಅಕ್ಕನ ಕೈ ಇನ್ನೂ ರಟ್ಟೆಯ ಮೇಲಿತ್ತು.

“ಗೊತ್ತಿಲ್ಲ ಅಂದ್ರು,” ಎಂದೆ. “ಬಾಯಾರಿಗೂ ಗೊತ್ತಿಲ್ಲಂತ. ನನಗೂ ಗೊತ್ತಿಲ್ಲ.”

ಅವನು ನನ್ನನ್ನು ಲಡಿ ನೋಡುವ ಹಾಗೆ ನೋಡಿದ, ಬೆಳಕಿಗೆ ಹಿಡಿದು, ಈ ಕಡೆ ಆ ಕಡೆ ತಿರುವಿ.

“ಗೊತ್ತಿಲ್ಲ ಅಂದಿ?”

“ಅಂದೆ.”

“ನೀನು?”

“ನಾನ.”

“ಹಂಗಾರ ಖರೆ ಇರಬೇಕು,” ಎಂದ ಹುಚ್ಚೇಶ. “ಇದು ನಿನ್ನ ಮಾತಲ್ಲ.”

ಆಮೇಲೆ ಅವನು ಹರವಿಯ ಕಡೆ ತಿರುಗಿದ. ಒಳಗೆ ಕೈ ಹಾಕಿ ತಳ ಸವರಿದ. ಅಂಗೈಗೆ ಒಂದಿಷ್ಟು ಸುಣ್ಣದ ಗಸಿ ಬಂತು, ಅದೂ ನೀಲಿಯಾಗಿಹೋಗಿತ್ತು. ಬರೀ ರಾಗ ತೆಗೆಯುವ ನನ್ನ ಬಾಯಿಗಾಗಿ ಇನ್ನೂ ಯಾಕೆ ಕಾಯಬೇಕು ಎಂದು ಈಗ ಸ್ವಲ್ಪ ಹೊತ್ತಿನ ಮುಂಚೆ ಮಗುಚಿದ್ದನಂತೆ. ಅಜ್ಜ ಹೂಡಿದ ಹೆಪ್ಪು, ಅಪ್ಪ ಕಾಯ್ದ ಹೆಪ್ಪು, ಓಣಿಯ ಕೋಳಿಗಳ ಕಾಲಿಗೆ ಹೋಯಿತು. ಇಳಕಲ್ಲಿನಲ್ಲಿ ಬೇರೆ ಹರವಿ ಉಳಿದಿರಲಿಲ್ಲ. ಎಲ್ಲರೂ ಪುಡಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅವನು ಅಂಗೈಯ ಗಸಿಯನ್ನು ಒರೆಸಿಕೊಳ್ಳದೆ ಮತ್ತೆ ಹರವಿಯ ತಳಕ್ಕೇ ಬಳಿದ.

ಬಾಳವ್ವ ಗಂಡನ ಮುಂದೆ ಬಂದು ನಿಂತಳು.

“ಹರವಿ ನಿಮ್ಮದು, ಮಗಚಿದ್ರಿ. ಅದನ್ನ ನಾ ಕೇಳಂಗಿಲ್ಲ. ಹೆಪ್ಪು ನಂದು. ನಾ ಸೊಸಿಯಾಗಿ ನಡೀಲಿಕ್ಕೆ ಬಂದ ದಿನ ನಿಮ್ಮವ್ವ ನನ್ನ ಕೈಯಾಗ ಹಾಕಿದ್ದು. ಮುಂಜಾನೆ ಒಂದು ಗಡಗಿ ತಗದು ಬಿಬಿಜಾನನ ಒಲಿ ಕಡೆ ಇಟ್ಟು ಬಂದೇನಿ, ಬೆಲ್ಲ ಹಾಕಿ.”

ಬಿಬಿಜಾನ ಎಂದರೆ ಟಾಂಗಾದ ಸುಭಾನಸಾಬನ ಹೆಂಡತಿ. ಗೋಡೆಯ ಆಚೆಗೆ ಅವಳ ಮನೆ. ಹುಚ್ಚೇಶ ಎದ್ದ. ಹೊಲಿಗೆ ಜಗ್ಗಿತೆಂದು ಕಾಣುತ್ತದೆ, ಒಮ್ಮೆ ಬಗ್ಗಿ ನಿಂತು ಮತ್ತೆ ನೆಟ್ಟಗಾದ. ಒಂದು ತಂಬಿಗೆ ತೆಗೆದುಕೊಂಡು ಹೊರಟ. ನಾನೂ ಹಿಂದೆ ಹೋದೆ.

ಬಿಬಿಜಾನ ಬಾಗಿಲಲ್ಲಿ ಕಂದೀಲು ಹಿಡಿದು ನಿಂತಿದ್ದಳು. ಹುಚ್ಚೇಶ ತಂಬಿಗೆ ಚಾಚಿ ಹೆಪ್ಪು ಕೊಡವ್ವ ಎಂದ. ಅವಳು ಕಂದೀಲನ್ನು ಸ್ವಲ್ಪ ಮೇಲಕ್ಕೆ ಎತ್ತಿದಳು.

“ದೀಪ ಹಚ್ಚೇವಿ ಅಣ್ಣಾ. ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬ್ಯಾಡ, ನಮ್ಮವರು ಬಂದು ಕೇಳಿದ್ರೂ ಕೊಡಬ್ಯಾಡ ಅಂತ ಬಾಳಕ್ಕ ಹೇಳ್ಯಾಳ. ನಮ್ಮಲ್ಲಿ ಆ ಶಾಸ್ತ್ರ ಇಲ್ಲ. ಆದ್ರ ಹೆಪ್ಪು ನಿಮ್ಮದು, ಶಾಸ್ತ್ರಾನೂ ನಿಮ್ಮದ. ಈಗ ಹೋಗು, ನಾಳೆ ಬಾ.”

ಹುಚ್ಚೇಶ ಖಾಲಿ ತಂಬಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡ. ದವಾಖಾನೆಯಿಂದ ಬಂದ ದಿನದಿಂದ ಅವನ ಬಾಯಲ್ಲಿ ನಾಳೆ ಎಂಬ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಒಲೆಯ ಕಡೆಯಿಂದ ಹರವಿಯ ಹುಳಿ ವಾಸನೆ ಬರುತ್ತಿತ್ತು, ನನಗೆ ಆಗಿಬರದ ಅದೇ ವಾಸನೆ.

“ಆತವ್ವಾ,” ಎಂದ ಹುಚ್ಚೇಶ. “ನಾಳೆ ಬರ್ತೇನಿ.”